ಹೆಲ್ಮೆಟ್ ತೆಗೆದ ನಟ

2002ರ ಆಗಸ್ಟ್ ತಿಂಗಳು. ನಾನಾಗ ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಎಂಬ ಪ್ರದೇಶದಲ್ಲಿದ್ದ ಒಂದು ತೈಲ ಕಂಪನಿಯಲ್ಲಿ ಸೇಫ್ಟಿ ಎಂಜಿನಿಯರ್ ಆಗಿದ್ದೆ. ಕಂಪನಿಯ ಸ್ಥಾವರದಲ್ಲಿ ಯಾರು ಎಲ್ಲಿ ತಪ್ಪು ಮಾಡುತ್ತಿದ್ದಾರೆ ಎಂದು ಹುಡುಕುವುದೇ ನನ್ನ ಕೆಲಸ. ದಾವಣಗೆರೆಯಲ್ಲಿದ್ದಾಗಲೇ ಅಮ್ಮ, "ಇವಳ ಕಣ್ಣಿಗೆ ಅನ್ನ ಕಾಣಲ್ಲ, ಅದರಲ್ಲಿರೋ ಕಲ್ಲೇ ಮೊದಲು ಕಾಣೋದು" ಎಂದು ರೇಗಿಸುತ್ತಿದ್ದಳು. ಅಮೆರಿಕದಲ್ಲಿ ಅದಕ್ಕೇ ಸಂಬಳ ಕೊಡುವವರು ಸಿಕ್ಕಿದ್ದರು.

ನನ್ನ ಗಂಡ ಪ್ರಕಾಶ್ ಡಲ್ಲಾಸ್ ಹತ್ತಿರದ ಲಿಟಲ್ ಎಲ್ಮ್‌ನಲ್ಲಿದ್ದರು. ಅವರ ಟೆಲಿಕಾಂ ಕೆಲಸ ಹೋಗಿ ಏಳು ತಿಂಗಳಾಗಿತ್ತು, ಅಲ್ಲೇ ಇನ್ನೊಂದು ಹುಡುಕುತ್ತಿದ್ದರು. ಶುಕ್ರವಾರ ಐದು ಗಂಟೆ ಡ್ರೈವ್ ಮಾಡಿ ಅಲ್ಲಿಗೆ ಹೋಗುವುದು, ಭಾನುವಾರ ಮತ್ತೆ ಐದು ಗಂಟೆ ವಾಪಸ್. ಇಬ್ಬರ ವೀಸಾ, ಗ್ರೀನ್ ಕಾರ್ಡ್ ಅರ್ಜಿ ಎಲ್ಲವೂ ನನ್ನ ಕೆಲಸವೊಂದನ್ನೇ ನೆಚ್ಚಿಕೊಂಡಿತ್ತು. ಎಷ್ಟು ಮಲಗಿದರೂ ಹೋಗದ ಸುಸ್ತು ಎಂದರೆ ಏನೆಂದು ನನಗೆ ತಿಳಿದದ್ದು ಆ ವರ್ಷ.

ಹೊಸದಾಗಿ ಸೇರುವ ಕೆಲಸಗಾರರಿಗೆ ತೋರಿಸಲು ಕಂಪನಿ ಇಪ್ಪತ್ತು ನಿಮಿಷದ ಒಂದು ವೀಡಿಯೊ ಮಾಡಿಸಿತು. ಕ್ಯಾಮೆರಾ ಪಕ್ಕದಲ್ಲಿ ನಿಂತು, ಚಿತ್ರದಲ್ಲಿ ಕಾಣುವುದೆಲ್ಲ ನಿಯಮದ ಪ್ರಕಾರ ಇದೆಯೇ ಎಂದು ನೋಡುವ ಜವಾಬ್ದಾರಿ ನನ್ನ ಪಾಲಿಗೆ ಬಂತು. ಜೊತೆಗೆ ವಕೀಲರ ವಿಭಾಗದ ಒಂದು ಕಟ್ಟಪ್ಪಣೆ: ನಿಯಮ ಮುರಿದಂತೆ ಕಾಣುವ ಯಾವುದೇ ತುಣುಕನ್ನು ಇಟ್ಟುಕೊಳ್ಳುವಂತಿಲ್ಲ. ಅದೇ ದಿನ ಅಳಿಸಬೇಕು, ಅಳಿಸಿದ್ದಕ್ಕೆ ನಾನು ಸಹಿ ಹಾಕಬೇಕು. ನಾಳೆ ಯಾರಾದರೂ ಅದನ್ನೇ ಕೋರ್ಟಿನಲ್ಲಿ ತೋರಿಸಿಬಿಟ್ಟರೆ ಎಂಬ ಭಯ ಅವರಿಗೆ.

ಮುಖ್ಯ ಪಾತ್ರಕ್ಕೆ ಬಂದವರು ವಾಲ್ಟರ್ ಎಂಬ ಕೆನಡಾದ ನಟ. ವಯಸ್ಸು ಅರವತ್ತೊಂದು. ಆಸ್ಟಿನ್ನಿಂದ ಮೂರು ಗಂಟೆ ಹಳೇ ಕಾರು ಓಡಿಸಿಕೊಂಡು ಬೆಳಿಗ್ಗೆ ಏಳಕ್ಕೆಲ್ಲ ಸ್ಥಾವರದ ಗೇಟಿನಲ್ಲಿದ್ದರು. ಉದ್ದನೆಯ ಆಳು, ಸ್ವಲ್ಪ ಬಾಗಿದ ಬೆನ್ನು. ಲೈಟುಗಳನ್ನು ಜೋಡಿಸುವಷ್ಟರಲ್ಲಿ ನೆರಳಿನಲ್ಲಿ ನನ್ನ ಪಕ್ಕ ಕುಳಿತು ತಮ್ಮ ಕಥೆ ಹೇಳಿದರು. ಗೋಧಿ ಹೊಲಗಳ ನಡುವಿನ ಸಣ್ಣ ಊರು. ಶಾಲೆಯ ನಾಟಕ. ಆಮೇಲೆ ಟೊರಾಂಟೊ ರಂಗಭೂಮಿ. ಒಂದು ಟಿ.ವಿ. ಧಾರಾವಾಹಿಯಲ್ಲಿ ನಾಲ್ಕು ವರ್ಷ ದನದ ಡಾಕ್ಟರ್ ಆಗಿದ್ದರಂತೆ.

"ಬೀದೀಲಿ ಹೋದ್ರೆ ಜನ ನಿಲ್ಲಿಸಿ ಅವರ ನಾಯಿಗೆ ಔಷಧಿ ಕೇಳೋರು. ಧಾರಾವಾಹಿ ನಿಂತಿತು. ಆಮೇಲೆ ಎರಡು ಮಾತಿನ ಜಡ್ಜ್, ಮೂರನೇ ಪೊಲೀಸ್. ಇತ್ತೀಚೆಗೆ ಬರೀ ಹೆಣ. ನಾಲ್ಕು ರಾಜ್ಯದಲ್ಲಿ ಸತ್ತಿದ್ದೀನಿ ನಾನು" ಎಂದು ನಕ್ಕರು.

ಸಿನಿಮಾವೊಂದಕ್ಕೆಂದು ಆರು ವಾರಕ್ಕೆ ಆಸ್ಟಿನ್ನಿಗೆ ಬಂದವರು ಹನ್ನೊಂದು ವರ್ಷದಿಂದ ಅಲ್ಲೇ ಉಳಿದಿದ್ದರು. ಈಗ ಟೊರಾಂಟೊದಲ್ಲಿ ಹೊಸ ನಿರ್ದೇಶಕಿಯೊಬ್ಬರು ಒಂದು ಸಿನಿಮಾ ಮಾಡುತ್ತಿದ್ದರು. ಅದರಲ್ಲಿ ತಂದೆಯ ಪಾತ್ರ, ಮೊದಲಿಂದ ಕೊನೆಯವರೆಗೂ ಇರುವಂಥದ್ದು. ಶುಕ್ರವಾರದೊಳಗೆ ತಮ್ಮ ಅಭಿನಯದ ಒಂದು ಟೇಪ್ ಕಳಿಸಬೇಕಿತ್ತು.

"ಮನೇಲಿ ನಾಲ್ಕು ಸಲ ಮಾಡಿದೆ. ಸೋಫಾ ಮುಂದೆ ನಿಂತು ನಟಿಸೋ ಮುದುಕನ ಥರಾನೇ ಕಂಡೆ. ಇವತ್ತಿನ ಸೀನ್ ಚೆನ್ನಾಗಿದೆ. ನೀವು ಓಕೆ ಮಾಡಿದ್ದರಲ್ಲಿ ಒಂದು ಕಾಪಿ ಕೊಡ್ತೀನಿ ಅಂದಿದ್ದಾನೆ ಈ ವೀಡಿಯೊ ಡೈರೆಕ್ಟರ್. ಇದು ನನ್ನ ಕೊನೇ ಅವಕಾಶ ಕಣಮ್ಮ" ಎಂದರು. ನಾನು ಆಗಲಿ ಎಂದೆ. ನನಗೆ ಅದರಲ್ಲಿ ಕಳೆದುಕೊಳ್ಳುವುದೇನೂ ಇರಲಿಲ್ಲ.

ದೃಶ್ಯ ಇಷ್ಟೇ. ಅಟ್ಟಣಿಗೆಯಿಂದ ಬಿದ್ದು ಕೆಲಸಗಾರನೊಬ್ಬ ಸತ್ತಿದ್ದಾನೆ. ಮೇಲ್ವಿಚಾರಕ ಅದೇ ಅಟ್ಟಣಿಗೆಯ ಕೆಳಗೆ ನಿಂತು ಹೇಳುತ್ತಾನೆ: "ಬೆಳಿಗ್ಗೆ ನನ್ನ ಜೊತೆ ಕಾಫಿ ಕುಡಿದ. ಈಗ ಅವನ ಹೆಂಡತಿಗೆ ನಾನು ಹೋಗಿ ಹೇಳಬೇಕು."

ಮೊದಲನೇ ಟೇಕ್. ವಾಲ್ಟರ್ ಬಂದು ನಿಂತರು. ಸೆಕೆಯಲ್ಲಿ ಎಲ್ಲರಿಗೂ ಬೆವರಿಳಿಯುತ್ತಿತ್ತು. ಅವರು ಮಾತು ಶುರು ಮಾಡಿದ ಮೇಲೆ ನಾನು ಬೆವರು ಒರೆಸಿಕೊಳ್ಳುವುದನ್ನೂ ಮರೆತೆ. ಧ್ವನಿ ಏರಿಸಲಿಲ್ಲ, ಅಳಲಿಲ್ಲ. ಆ ಹೆಂಗಸಿನ ಮನೆ ಬಾಗಿಲು ಎದುರಿಗೇ ಇದೆ, ತಟ್ಟಲು ಕೈ ಬರುತ್ತಿಲ್ಲ ಅನ್ನುವ ಹಾಗೆ ನಿಂತಿದ್ದರು. ಮಾತು ಮುಗಿಯಿತು. ಆಮೇಲೆ ನಿಧಾನವಾಗಿ ತಲೆಯ ಮೇಲಿನ ಹೆಲ್ಮೆಟ್ ತೆಗೆದು ಎದೆಗೆ ಹಿಡಿದುಕೊಂಡು ತಲೆ ತಗ್ಗಿಸಿದರು.

"ಸ್ಟಾಪ್! ಹೆಲ್ಮೆಟ್!" ಎಂದು ನಾನು ಕೂಗಿದೆ.

ನಮ್ಮ ಸ್ಥಾವರದಲ್ಲಿ ತಪ್ಪು ಕಂಡವರು ಯಾರು ಬೇಕಾದರೂ ಹಾಗೆ ಕೂಗಬಹುದು. ಕೂಗಿದರೆ ಎಲ್ಲರೂ ಕೈಯಲ್ಲಿದ್ದ ಕೆಲಸ ನಿಲ್ಲಿಸಬೇಕು. ಅಟ್ಟಣಿಗೆಯ ಕೆಳಗೆ ಹೆಲ್ಮೆಟ್ ತೆಗೆಯುವುದೆಂದರೆ ದೊಡ್ಡ ತಪ್ಪು. ಆದರೆ ಶೂಟಿಂಗ್ ನಡೆಯುವಾಗ ನಿರ್ದೇಶಕನನ್ನು ಬಿಟ್ಟು ಬೇರೆ ಯಾರೂ ಬಾಯಿ ಬಿಡಬಾರದು ಎಂಬುದು ನನಗೆ ಗೊತ್ತಿರಲಿಲ್ಲ. ಕ್ಯಾಮೆರಾದವನು ಕಣ್ಣೊರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿದ. ನಿರ್ದೇಶಕ ತಲೆಯ ಮೇಲೆ ಕೈ ಹೊತ್ತು ಕೂತ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ವಾಲ್ಟರ್ ಮಾತ್ರ ಸಿಟ್ಟಾಗಲಿಲ್ಲ. ಹೆಲ್ಮೆಟ್ ಮತ್ತೆ ಹಾಕಿಕೊಂಡು ಪಟ್ಟಿ ಬಿಗಿದುಕೊಂಡರು. ಮತ್ತೆ ಮಾಡಿದರು. ಮತ್ತೊಮ್ಮೆ. ಹನ್ನೆರಡು ಟೇಕ್ ಆಯಿತು. ಮಾತೆಲ್ಲ ಸರಿಯಾಗಿಯೇ ಬಂತು, ಆದರೆ ಆ ಮನೆ ಬಾಗಿಲು ಮತ್ತೆ ಕಾಣಲಿಲ್ಲ. ಅವರ ಗಂಟಲೂ ಕಟ್ಟಿತ್ತು. ಕೊನೆಗೆ ಹನ್ನೆರಡನೆಯದಕ್ಕೇ ನಾನು ಓಕೆ ಎಂದೆ.

ಊಟದ ಹೊತ್ತಿಗೆ ಅವರು ಸ್ಯಾಂಡ್‌ವಿಚ್ ಬಿಚ್ಚದೆ ನನ್ನ ಎದುರು ಕೂತರು. "ಆ ಮೊದಲನೇದನ್ನ ನನಗೆ ಕೊಡ್ತೀರಾ? ಕಂಪನಿ ಹೆಸರು ಎಲ್ಲೂ ಬರಲ್ಲ. ಬೇಕಾದ್ರೆ ಬರೆದುಕೊಡ್ತೀನಿ. ಅಂಥದ್ದು ನನಗೆ ಬಂದು ಎಷ್ಟು ವರ್ಷ ಆಯ್ತೋ."

"ಅದನ್ನ ಅಳಿಸಲೇಬೇಕು. ರೂಲ್ ಅದು" ಎಂದೆ.

"ಸತ್ತವರ ಮುಂದೆ ತಲೆ ಮೇಲಿರೋದನ್ನ ತೆಗೀತೀವಲ್ಲ. ಕೈ ತಾನಾಗೇ ಹೋಯ್ತು."

"ಗೊತ್ತು" ಎಂದೆ. ಗೊತ್ತಿತ್ತು ಕೂಡ. ಆದರೆ ಕಣ್ಣ ಮುಂದೆ ಬಂದದ್ದು ಲಿಟಲ್ ಎಲ್ಮ್‌ನಲ್ಲಿ ಬನಿಯನ್ನಿನಲ್ಲಿ ಕೂತು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ ಪ್ರಕಾಶ್. ಕೊಟ್ಟು ಸಿಕ್ಕಿಹಾಕಿಕೊಂಡರೆ ಇಬ್ಬರೂ ಊರಿಗೆ ಪೆಟ್ಟಿಗೆ ಕಟ್ಟಬೇಕು. ವಾಲ್ಟರ್ ಇನ್ನೊಮ್ಮೆ ಕೇಳಲಿಲ್ಲ. ಮೂರು ಗಂಟೆಗೆ ಕ್ಯಾಮೆರಾದವನು ನನ್ನೆದುರೇ ಆ ತುಣುಕಿನ ಮೇಲೆ ಖಾಲಿ ಗೋಡೆಯನ್ನು ರೆಕಾರ್ಡ್ ಮಾಡಿ ಅಳಿಸಿದ. ನಾನು ಸಹಿ ಹಾಕಿದೆ. ವಾಲ್ಟರ್ ಹನ್ನೆರಡನೆಯ ಟೇಕಿನ ಕಾಪಿ ತೆಗೆದುಕೊಂಡು, ನನ್ನ ಕೈ ಕುಲುಕಿ, ಮತ್ತೆ ಮೂರು ಗಂಟೆ ದಾರಿಯ ಆಸ್ಟಿನ್ನಿಗೆ ಹೊರಟರು.

ಸಂಜೆ ಫೋನಿನಲ್ಲಿ ಪ್ರಕಾಶ್‌ಗೆ ಎಲ್ಲ ಹೇಳಿದೆ. ಧಾರವಾಡದ ಕಡೆಯವರು, ಸುತ್ತಿಬಳಸಿ ಮಾತಾಡುವುದು ಗೊತ್ತಿಲ್ಲ. "ನೀ ಮಾಡಿದ್ದು ಬರೋಬ್ಬರಿನ ಐತಿ. ನಿನ್ನ ಕೆಲ್ಸಾನ ಅದು" ಎಂದರು. ಆಮೇಲೆ, "ಆದ್ರ ಪಾಪ, ನಾನೂ ಏಳು ತಿಂಗಳಿಂದ ಅದನ್ನ ಮಾಡಾಕತ್ತೇನಲಾ. ಯಾರರೆ ಒಬ್ರು ನನ್ನ ಛಲೋ ಕೆಲಸ ನೋಡ್ಲಿ ಅಂತ" ಎಂದರು. ಫೋನ್ ಇಟ್ಟ ಮೇಲೆ ತುಂಬ ಅತ್ತೆ.

ಮರುವರ್ಷ ಆ ವೀಡಿಯೊದ ನಿರ್ದೇಶಕ ಸಿಕ್ಕಾಗ ವಾಲ್ಟರ್ ಬಗ್ಗೆ ವಿಚಾರಿಸಿದೆ. ಟೇಪ್ ಕಳಿಸಿದ್ದರಂತೆ, ಆ ಪಾತ್ರ ಸಿಗಲಿಲ್ಲವಂತೆ. ನಟನೆ ಬಿಟ್ಟು ಕೆನಡಾದಲ್ಲಿ ತಂಗಿಯ ಮನೆಗೆ ಹೋದರಂತೆ. ಮೊದಲನೆಯದನ್ನು ಕಳಿಸಿದ್ದರೆ ಸಿಗುತ್ತಿತ್ತೇ? ಯಾರಿಗೆ ಗೊತ್ತು. ಗೊತ್ತಾಗುವ ದಾರಿಯನ್ನು ಮುಚ್ಚಿದವಳು ನಾನು.

ಆ ವೀಡಿಯೊವನ್ನು ಆಮೇಲೆ ಆರು ವರ್ಷ, ಪ್ರತಿ ಸೋಮವಾರ, ನಾನೇ ಹೊಸಬರಿಗೆ ತೋರಿಸಿದೆ. ಪ್ರಕಾಶ್‌ಗೆ ಹ್ಯೂಸ್ಟನ್ನಿನಲ್ಲೇ ಕೆಲಸ ಸಿಕ್ಕಿತು, ಗ್ರೀನ್ ಕಾರ್ಡೂ ಬಂತು. ಆದರೂ ಕೋಣೆಯ ಹಿಂದೆ ನಿಂತು ನೋಡುವಾಗ ಒಂದು ಜಾಗ ಬಂದರೆ ನಾನು ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದೆ. ಮಾತು ಮುಗಿದ ಮೇಲೆ ವಾಲ್ಟರ್ ಅವರ ಬಲಗೈ ಹೆಲ್ಮೆಟ್ಟಿನ ಅಂಚಿನವರೆಗೆ ಹೋಗಿ, ಅಲ್ಲೇ ಒಂದು ಕ್ಷಣ ನಿಂತು, ಕೆಳಗಿಳಿಯುತ್ತದೆ.

ಒಮ್ಮೆ ಹೊಸದಾಗಿ ಸೇರಿದ ಹೆಂಗಸೊಬ್ಬಳು ಕೇಳಿದಳು: "ಮೇಡಂ, ಅವರು ಅಲ್ಲಿ ಕೈ ಎತ್ತಿದ್ದು ಯಾಕೆ?"

ನಿಜ ಹೇಳಲು ಬಾಯಿ ತೆರೆದೆ. ಬರಲಿಲ್ಲ. "ಹೆಲ್ಮೆಟ್ ಭದ್ರವಾಗಿದೆಯಾ ಅಂತ ನೋಡ್ಕೊಂಡ್ರು" ಎಂದೆ.

ಅವಳು ತಲೆಯಾಡಿಸಿ ಅದನ್ನು ಬರೆದುಕೊಂಡಳು.