ಇಳಿಜಾರಪ್ಪ ಹೊಳೆ ದಾಟಿದ್ದು

ಏರುಬೀದಿಯ ನೆತ್ತಿಯಲ್ಲಿ ಒಂದು ಹಳೇ ಲಾರಿ ನಿಲ್ಲುತ್ತಿತ್ತು, ಮೂತಿ ಕೆಳಗೆ, ಬಾಲ ಮೇಲೆ. ಬೆಳಗಾದರೆ ಯಜಮಾನ ಸೀಟಿಗೇರುವುದು, ಹೆಂಡತಿ ಸೆರಗು ಸಿಕ್ಕಿಸಿ ಚಕ್ರಕ್ಕೆ ಅಡ್ಡ ಇಟ್ಟ ಕಲ್ಲು ಎಳೆಯುವುದು. ಆಮೇಲೆ ಲಾರಿ ಸದ್ದಿಲ್ಲದೆ ಹೊರಡುತ್ತಿತ್ತು, ನಿದ್ದೆಯಲ್ಲಿ ಎದ್ದು ನಡೆಯುವವರ ಹಾಗೆ. ಮಂಜಿನೊಳಗೆ ಮನೆಗಳೇ ಮೇಲಕ್ಕೆ ತೇಲಿ ಹೋದಂತೆ ಕಾಣುತ್ತಿತ್ತು. ಬೀದಿಯ ತಿರುವಿನಲ್ಲಿ ಅವನು ಗೇರು ಹಾಕಿ ಕ್ಲಚ್ಚು ಬಿಟ್ಟನೋ, ಒಂದು ಜಗ್ಗು, ಒಂದು ಕೆಮ್ಮು, ಒಂದಿಷ್ಟು ಕರಿ ಹೊಗೆ. ಲಾರಿಗೆ ಎಚ್ಚರ.

ಹಾಗಾಗಿ ಅವನಿಗೆ ಬಂದ ಹೆಸರು ಇಳಿಜಾರಪ್ಪ. ಹೆಣ್ಣು ನೋಡಲು ಹೋದಾಗಲೂ ಹುಡುಗಿಗಿಂತ ಮೊದಲು ಅವಳ ಮನೆ ಮುಂದಿನ ಬೀದಿ ಎಷ್ಟು ಓರೆಯಿದೆ ಅಂತ ನೋಡಿದ್ದ ಎಂದು ಜನ ಆಡಿಕೊಳ್ಳುತ್ತಿದ್ದರು. ಅದು ಕಟ್ಟುಕತೆ. ಮದುವೆಯ ಹೊತ್ತಿಗೆ ಲಾರಿ ಕೀಲಿಗೇ ಎದ್ದು ಕೂರುತ್ತಿತ್ತು. ಸೋಮಾರಿತನ ಹತ್ತಿದ್ದು ಆಮೇಲೆ. ಕೀಲಿ ತಿರುಗಿಸಿದರೆ ಇಂಜಿನ್ನು ಊಂ... ಊಂ... ಎಂದು ಮುಲುಗುವುದು, ಅಷ್ಟೇ. ಡೀಸೆಲ್ ಇಂಜಿನ್ನು ರಭಸವಾಗಿ ತಿರುಗಿದರೆ ಮಾತ್ರ ಅದರ ಹೊಟ್ಟೆಯಲ್ಲಿ ಗಾಳಿ ಒತ್ತಿ ಕಾವೇರುತ್ತದೆ. ಕಾವೇರದಿದ್ದರೆ ಎಣ್ಣೆ ಹೊತ್ತಿಕೊಳ್ಳುವುದಿಲ್ಲ. ಅವನು ಬ್ಯಾಟರಿ ಬದಲಿಸಿದ, ತೆಳು ಆಯಿಲು ಹಾಕಿಸಿದ, ಕೊನೆಗೆ "ವಯಸ್ಸಾಯ್ತಲ್ಲ ಅದಕ್ಕೂ" ಎಂದು ಇಳಿಜಾರಿಗೆ ಶರಣಾದ. ಸಮತಟ್ಟು ನೆಲದ ಕೆಲಸಗಳನ್ನೆಲ್ಲ ಮೆಲ್ಲಗೆ ಬಿಟ್ಟ.

ಹೀಗಿರುವಾಗ ಹೊಳೆಯಾಚೆಗೆ ಕೊಟ್ಟ ಮಗಳು ಅಲ್ಲೊಂದು ಹಿಟ್ಟಿನ ಗಿರಣಿ ಹಾಕಲು ಹೊರಟಳು. ಯಂತ್ರವನ್ನು ಈಚೆ ದಡದಿಂದ ಒಯ್ಯಬೇಕು.

"ಅಪ್ಪ, ಬೇರೆ ಯಾರ ಗಾಡಿನೂ ಬೇಡ. ನೀನೇ ತಂದಿಳಿಸು."

ಹೊಳೆಗೆ ಸೇತುವೆಯಿಲ್ಲ. ಗಾಡಿ ಹೊರುವ ಚಪ್ಪಟೆ ದೋಣಿಯೊಂದೇ ದಾರಿ. ಇಳಿಜಾರಪ್ಪ ದೋಣಿಯವನನ್ನು ವಿಚಾರಿಸಿ ಬಂದ.

"ದೋಣಿ ಮೇಲೆ ಇಂಜಿನ್ ಆಫ್. ಆಚೆ ದಡದಲ್ಲಿ ತಾನಾಗೇ ಎದ್ದು ಇಳೀಬೇಕು. ನಿಮ್ಮ ಲಾರಿ ಅಲ್ಲೇ ಕೂತ್ರೆ ನಾನೇನು ಹೆಗಲ ಮೇಲೆ ಹೊರ್ಲಾ?" ಎಂದಿದ್ದ ಅವನು.

ಇಳಿಜಾರಪ್ಪ ಮಗಳಿಗೆ, ತನಗೆ ಕೆಲಸ ಜಾಸ್ತಿ, ಬರಲಾಗಲ್ಲ ಅಂದ. ಅವಳು "ಹೋಗ್ಲಿ ಬಿಡು, ಬೇರೆ ಲಾರಿ ಕರೀತೀನಿ" ಅಂದಳು. ಬೇರೆ ಲಾರಿ ಎಂಬ ಮಾತು ರಾತ್ರಿಯವರೆಗೂ ಅವನ ಕಿವಿಯಲ್ಲೇ ಉಳಿಯಿತು. ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ.

ಹೆಂಡತಿ ನೋಡುವಷ್ಟು ನೋಡಿ ತನ್ನ ತಂಗಿಗೆ ಹೇಳಿ ಕಳಿಸಿದಳು. ಗಾಡಿಗಳ ವೈರಿಂಗು ಮಾಡುವ ಅಂಗಡಿ ಆ ತಂಗಿಯದು. ನಾದಿನಿಯ ಬಾಯಿಗೆ ಹೆದರಿಯೇ ಇಳಿಜಾರಪ್ಪ ಇಷ್ಟು ವರ್ಷ ಲಾರಿಯನ್ನು ಅವಳ ಕಣ್ಣಿಗೆ ಬೀಳಿಸಿರಲಿಲ್ಲ.

ಅವಳು ಬಂದವಳೇ ಲಾರಿಯ ಸುತ್ತ ಒಂದು ಸುತ್ತು ಹಾಕಿದಳು.

"ಏನ್ ಭಾವ, ನಮ್ಮಕ್ಕಂಗೆ ಇಷ್ಟು ವರ್ಷ ಕಲ್ಲು ಹೊರ್ಸಿದ್ದೀರಲ್ಲ, ಕಲ್ಲಿಗಾದ್ರೂ ಬೇಜಾರಾಗ್ಲಿಲ್ವಾ?"

"ನೋಡೋದಿದ್ರೆ ನೋಡಮ್ಮ. ನಾಲಿಗೆ ಆಮೇಲೆ ರಿಪೇರಿ ಮಾಡ್ಕೊಳ್ಳೋಣ."

ಅವಳು ಮೀಟರು ತೆಗೆದಳು. ಅಕ್ಕನನ್ನು ಸೀಟಿಗೇರಿಸಿ ಕೀಲಿ ತಿರುಗಿಸಲು ಹೇಳಿ ಬ್ಯಾಟರಿ ನೋಡಿದಳು. ಗಟ್ಟಿ. ಸ್ಟಾರ್ಟರಿಗೆ ಹೋಗುವ ದಪ್ಪ ತಂತಿ ನೋಡಿದಳು. ಅದೂ ಸರಿ. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿನ ಬರಿ ಕಬ್ಬಿಣಕ್ಕೆ ಒತ್ತಿ, "ತಿರುಗ್ಸಕ್ಕ" ಅಂದಳು. ಸತ್ತಂತೆ ಮಲಗಿರಬೇಕಾದ ಮುಳ್ಳು ಎದ್ದು ನಿಂತಿತು.

"ಕರೆಂಟು ಹೋಗೋ ದಾರಿ ಚೊಕ್ಕಟವಾಗಿದೆ ಭಾವ. ವಾಪಸ್ ಬರೋ ದಾರೀಲಿ ಯಾರೋ ಬಾಗಿಲು ಹಾಕವ್ರೆ."

ಲಾರಿಯಡಿ ನುಸುಳಿ, ಇಂಜಿನ್ನಿನಿಂದ ಲಾರಿಯ ಅಡಿಚೌಕಟ್ಟಾದ ಚಾಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯನ್ನು ಮುಟ್ಟಿದಳು. ಪಟ್ಟಿಯ ತುದಿ ಬೆಚ್ಚಗಿತ್ತು. ಬೋಲ್ಟು ಬಿಚ್ಚಿದಳು. ಅಡಿಯಲ್ಲಿ ಕನ್ನಡಿಯಂತೆ ಹೊಳೆಯುವ ಕಪ್ಪು ಬಣ್ಣ, ಪದರದ ಮೇಲೆ ಪದರ.

"ಬೋಲ್ಟಿನ ಅಡಿಗೂ ಬಣ್ಣ ಬಳಿದೋರು ಯಾರು?"

ಇಳಿಜಾರಪ್ಪ ಉಗುರು ನೋಡಿಕೊಂಡ. "ಪ್ರತಿ ವರ್ಷ ಬಳೀತೀನಿ. ಒಂದೊಂದೂ ಬಿಚ್ಚಿ, ಬಳಿದು, ಒಣಗ್ಸಿ, ಮತ್ತೆ ಕೂರಿಸ್ತೀನಿ. ತುಕ್ಕು ಹಿಡೀಬಾರ್ದಲ್ಲ."

ನಾದಿನಿಗೆ ನಗು ಬಂತು, ಆದರೆ ನಗಲಿಲ್ಲ. ಇಷ್ಟು ಪ್ರೀತಿಯಿಂದ ಕೆಡಿಸಿದ ಗಾಡಿಯನ್ನು ಅವಳೂ ನೋಡಿರಲಿಲ್ಲ.

"ಈ ಕಬ್ಬಿಣಕ್ಕೆ ತಾಮ್ರ ಮೈಗೆ ಮೈ ತಾಗ್ಬೇಕು ಭಾವ. ನಡುವೆ ಬಣ್ಣ ಇದ್ರೆ ಕರೆಂಟು ಹೆಂಗೆ ದಾಟುತ್ತೆ? ಈಗ ಕೆರೀತೀನಿ. ನೋಡಕ್ಕಾಗಲ್ಲ ಅಂದ್ರೆ ಆ ಕಡೆ ತಿರುಗಿ."

ಅವನು ತಿರುಗಿಕೊಂಡ. ಬೆನ್ನ ಹಿಂದೆ ಕರಕರ ಸದ್ದು. ಹೊಳೆಯುವ ಬಿಳಿ ಕಬ್ಬಿಣ ಕಂಡ ಮೇಲೆ ಅವಳು ಪಟ್ಟಿ ಬಿಗಿದು, ಮೇಲಷ್ಟೇ ಗ್ರೀಸು ಸವರಿದಳು. ಹೆಂಡತಿ ಕೀಲಿ ತಿರುಗಿಸಿದಳು. ಇಂಜಿನ್ನು ಮುಲುಗಲಿಲ್ಲ, ಎದ್ದೇ ಬಿಟ್ಟಿತು. ಸೀಟಿನ ಮೇಲೆ ಅವಳೇ ಬೆಚ್ಚಿ ಕೈ ಹಿಂದೆಗೆದಳು.

ಆದರೂ ಅವನಿಗೆ ಧೈರ್ಯ ಸಾಲದು. ಬೇರೆ ಲಾರಿ ಬೇಡ ಎಂದು ಮಗಳಿಗೆ ತಿಳಿಸಿ, ಯಂತ್ರ ಹೇರಿಕೊಂಡು ಹೋಗಿ ದೋಣಿ ಹತ್ತಿದ ಮೇಲೆ ಇಂಜಿನ್ನು ಆರಿಸಲು ಕೈ ಬರಲಿಲ್ಲ. ದೋಣಿಯವನು ಬಾಗಿಲು ತಟ್ಟಿದ ಮೇಲೆ ಆರಿಸಿದ. ಕೈ ಮಾತ್ರ ಕೀಲಿಯ ಮೇಲೇ ಉಳಿಯಿತು.

ದಡ ಜಾರಿತು. ನೀರು ದೋಣಿಯ ಹೊಟ್ಟೆಯನ್ನು ನೆಕ್ಕುವ ಸದ್ದು ಬಿಟ್ಟರೆ ಏನೂ ಇಲ್ಲ. ಗಾಜಿನ ಮೇಲೆ ಆಕಾಶ ಮೆಲ್ಲಗೆ ಹರಿಯುತ್ತಿತ್ತು. ನಿಂತಿರುವುದು ತಾನೋ, ಹೋಗುತ್ತಿರುವುದು ಹೊಳೆಯೋ ತಿಳಿಯದಾಯಿತು. ಲಾರಿ ಬಿಸಿಲಿಗೆ ಕಾದು ಎಣ್ಣೆಯ ವಾಸನೆ ಬಿಡುತ್ತಿತ್ತು. ಮಗಳು ಮಗುವಾಗಿದ್ದಾಗ ಇದೇ ಸೀಟಿನ ಮೇಲೆ, ಇದೇ ವಾಸನೆಯಲ್ಲಿ ಮುದುಡಿ ಮಲಗುತ್ತಿದ್ದಳು. ಅವನ ರೆಪ್ಪೆ ಭಾರವಾಯಿತು.

"ಯಜಮಾನ್ರೇ, ದಡ ಬಂತು. ಮನೇಲಿ ಮಲಗಕ್ಕೆ ಜಾಗ ಇಲ್ವಾ?"

ಇಳಿಜಾರಪ್ಪ ನಿದ್ದೆಗಣ್ಣಲ್ಲೇ ಕೀಲಿ ತಿರುಗಿಸಿ, ಗೇರು ಹಾಕಿ, ಹಲಗೆ ಇಳಿದು, ಮರಳಿನ ಏರು ಹತ್ತಿದ. ಏರಿನ ಮೇಲೆ ನಿಂತಿದ್ದ ಮಗಳು ಬಿಸಿಲಿಗೆ ಕೈ ಅಡ್ಡ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಹೆದರಬೇಕಿತ್ತು ಎಂಬುದು ಅವನಿಗೆ ನೆನಪಾಗುವಷ್ಟರಲ್ಲಿ ಅವಳು ಪಕ್ಕದ ಬಾಗಿಲು ತೆಗೆದು ಹತ್ತಿ ಕೂತಾಗಿತ್ತು.