ಸ್ಲ್ಯಾಬಿಗೆ ನೀರು

ಮಕ್ಕಳು ಶಾಲೆ ತಪ್ಪಿಸುವುದಕ್ಕೆ ತಂದೆತಾಯಿಯರ ಅಸಡ್ಡೆಯೇ ಕಾರಣ ಎಂದು ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಟಪಾಡಿ ಬಳಿಯ ನಮ್ಮ ಶಾಲೆಯಲ್ಲಿ ಹಾಗೆ ಭಾಷಣ ಮಾಡಿದವರು ದುಬೈಯಿಂದ ಬಂದ ಒಬ್ಬ ದಾನಿ. ಮಕ್ಕಳಿಗೆ ಬ್ಯಾಗ್ ಹಂಚಿ ಫೋಟೊ ತೆಗೆಸಿಕೊಂಡರು. ನಾನು ಕಲಿಸುವ ಐದನೇ ತರಗತಿಯ ಜಾಣೆ ಹುಡುಗಿ ಆ ದಿನವೂ ಬಂದಿರಲಿಲ್ಲ.

ಅವಳ ಅಪ್ಪ ಅಮ್ಮ ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ವಸತಿ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಪಾಸಾದರೆ ಹತ್ತನೆಯವರೆಗೆ ಊಟ, ಪಾಠ, ಮಲಗಲು ಜಾಗ ಎಲ್ಲ ಒಂದೇ ಕಡೆ. ಇಲ್ಲದಿದ್ದರೆ ಇಲ್ಲಿಯ ಕೆಲಸ ಮುಗಿದ ಕೂಡಲೇ ಅವಳೂ ಅವರ ಹಿಂದೆ ಇನ್ನೊಂದೂರಿಗೆ. ಅಲ್ಲಿಗೆ ಓದಿಗೆ ಎಳ್ಳು ನೀರು.

ಪರೀಕ್ಷೆಯ ಬೆಳಗ್ಗೆ ನಾನು ಕಾಯುತ್ತಿದ್ದ ಬಸ್‌ಸ್ಟಾಪಿಗೆ ಅವಳು ಬರಲೇ ಇಲ್ಲ. ಪರೀಕ್ಷೆ ಇದ್ದದ್ದು ಕಾಪುವಿನಲ್ಲಿ. ರಿಕ್ಷಾ ಹಿಡಿದು ಹುಡುಕಿಕೊಂಡು ಹೋದರೆ, ಅರ್ಧ ಕಟ್ಟಿದ ಮನೆಯ ತಾರಸಿಯಲ್ಲಿ ಪೈಪ್ ಹಿಡಿದು ನಿಂತಿದ್ದಾಳೆ! ಹೊಸ ಸ್ಲ್ಯಾಬ್ ಬಿಸಿಲಿಗೆ ಬಿರುಕು ಬಿಡಬಾರದಲ್ಲ, ನೀರು ಬಿಡುವ ಕೆಲಸ ಮಕ್ಕಳದ್ದು. ಮನೆ ಯಾರದ್ದು ಅಂತೀರಿ? ಅದೇ ದಾನಿಯದ್ದು.

"ಅವ್ವ ಅಪ್ಪ ಬ್ಯಾರೆ ಕಡೆ ಕೆಲಸಕ್ಕ ಹೋಗ್ಯಾರ್ರಿ ಟೀಚರ್. ನೀರ್ ಬಿಡೂದು ನಿಂತ್ರ ಸಾಹುಕಾರ್ರು ಬೈತಾರ್ರಿ" ಎಂದಳು. ಕಣ್ಣು ತುಂಬಿತ್ತು.

"ಅವನ ಸ್ಲ್ಯಾಬಿಗೆ ಬೆಂಕಿ ಬೀಳಲಿ!" ಎಂದು ಪೈಪ್ ಕಿತ್ತುಕೊಂಡೆ. ಹಾಲ್ ಟಿಕೆಟ್ ನನ್ನ ಬ್ಯಾಗಿನಲ್ಲೇ ಇತ್ತು. ಅದನ್ನು ಅವಳ ಕೈಗಿಟ್ಟು ಅದೇ ರಿಕ್ಷಾ ಹತ್ತಿಸಿದೆ. ಚಾಲಕರಿಗೆ, "ಗೇಟಿನ ಒಳಗೆ ಬಿಟ್ಟೇ ಬನ್ನಿ ಮಾರಾಯ್ರೆ" ಎಂದೆ.

ಸೀರೆ ಎತ್ತಿ ಕಟ್ಟಿ ನೀರು ಬಿಟ್ಟೆ. ಬಿಡದಿದ್ದರೆ ಬೈಗುಳ ಬೀಳುವುದು ಆ ಹುಡುಗಿಗೆ ತಾನೇ? ಸ್ವಲ್ಪ ಹೊತ್ತಿಗೆ ಚಾಲಕರ ಫೋನ್ ಬಂತು: "ಹುಡುಗಿ ಒಳಗೆ ಹೋಗಿ ಆಯ್ತು ಟೀಚರ್." ಅಬ್ಬ, ಜೀವ ಬಂದಂತಾಯಿತು.

ಅಷ್ಟರಲ್ಲಿ ದಾನಿಗಳು ಮೆಟ್ಟಿಲು ಹತ್ತಿ ಬಂದರು. "ಎಂತ ಟೀಚರ್, ನೀವು ಇಲ್ಲಿ?"

"ಇಲ್ಲಿ ನೀರು ಬಿಡುವವಳು ನನ್ನ ಕ್ಲಾಸಿನ ಹುಡುಗಿ. ಇವತ್ತು ಅವಳಿಗೆ ಪರೀಕ್ಷೆ ಉಂಟು. ನಿಮಗೆ ನಾಚಿಕೆ ಆಗುವುದಿಲ್ವಾ?"

"ಅದೆಲ್ಲ ಮೇಸ್ತ್ರಿ ನೋಡಿಕೊಳ್ಳುವುದು, ನನಗೆ ಗೊತ್ತಿಲ್ಲ" ಎಂದವರು ತಾರಸಿಯ ಸುತ್ತ ಕಣ್ಣಾಡಿಸಿದರು. ಆಮೇಲೆ ಬೆರಳು ತೋರಿಸಿ ಹೇಳಿದರು:

"ಟೀಚರ್, ಆ ಮೂಲೆಗೆ ನೀರು ಸ್ವಲ್ಪ ಕಡಿಮೆ ಆಗಿದೆ, ನೋಡಿ."