ರೇಡಿಯೊ ಮೇಷ್ಟರು ಸುಮ್ಮನಿರಲು ಕಲಿತದ್ದು

ಮೇಷ್ಟರಿಗೆ ರೇಡಿಯೊ ಎಂದು ಮೊದಲು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟವರು ಮಾತ್ರ ಜಾಣರು. ರೇಡಿಯೊಗೂ ಅವರಿಗೂ ಇದ್ದ ವ್ಯತ್ಯಾಸ ಒಂದೇ: ಕಿವಿ ಹಿಂಡಿದರೆ ರೇಡಿಯೊ ಸುಮ್ಮನಾಗುತ್ತದೆ. ಮೇಷ್ಟರು ಬಾಯಿ ತೆರೆದರೆಂದರೆ ಎದುರಿಗಿದ್ದವರು ಹೂಂಗುಟ್ಟಬಹುದು, ಆಕಳಿಸಬಹುದು, ಎದ್ದು ಹೋಗಲೂಬಹುದು, ಪ್ರಸಾರ ನಿಲ್ಲುತ್ತಿರಲಿಲ್ಲ. ಇದರಲ್ಲಿ ಕೆಟ್ಟತನ ಎಳ್ಳಷ್ಟೂ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ತನಗೆ ಗೊತ್ತಿರುವ ಸಂಗತಿ ಪಕ್ಕದವರಿಗೆ ಗೊತ್ತಿಲ್ಲದೆ ಹೋದರೆ, ಪಾಪ, ಅವರಿಗೆ ನಷ್ಟವಲ್ಲವೇ ಎಂಬ ಕರುಣೆಯಿಂದಲೇ ಅವರು ಮಾತಾಡುತ್ತಿದ್ದರು.

ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಷ್ಟು ಕಾಲ ಈ ಗುಣವೇ ಅವರಿಗೆ ಅನ್ನ ಹಾಕಿತು. ಗಂಟೆಯಿಂದ ಗಂಟೆಯವರೆಗೆ ಅವರ ಕಂಠ ಪಕ್ಕದ ಮೂರು ಕ್ಲಾಸುಗಳಿಗೂ ಕೇಳುತ್ತಿತ್ತು, ಆ ಮೂರರ ಮಕ್ಕಳೂ ಇಂಗ್ಲಿಷಿನಲ್ಲಿ ಪಾಸಾಗುತ್ತಿದ್ದರು. ಮನೆಯಲ್ಲೂ ಅದೇ ಕತೆ. ಮದುವೆಗೆ ಮುಂಚೆ, ಹುಡುಗ ಹುಡುಗಿ ನಾಲ್ಕು ಮಾತಾಡಿಕೊಂಡು ಬರಲಿ ಎಂದು ಹಿರಿಯರು ಇಬ್ಬರನ್ನೂ ತಾರಸಿಗೆ ಕಳಿಸಿದ್ದರಂತೆ. ಕೆಳಗಿಳಿದು ಬಂದ ಮೇಷ್ಟರು, "ನಮ್ಮಿಬ್ಬರ ಅಭಿಪ್ರಾಯ ಎಲ್ಲದರಲ್ಲೂ ಒಂದೇ ಇದೆ" ಎಂದು ಘೋಷಿಸಿದರು. ಹುಡುಗಿ ಅಲ್ಲಿ ತುಟಿಪಿಟಕ್ಕೆಂದಿರಲಿಲ್ಲ. ಆಮೇಲೆ ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದ ಮೇಲೆ ಮೇಷ್ಟರ ಪ್ರಸಾರಕ್ಕೆ ಮನೆಯಲ್ಲಿ ಉಳಿದದ್ದು ಹೆಂಡತಿ ಒಬ್ಬಳೇ. ಆಕೆ ಸೊಪ್ಪು ಬಿಡಿಸುತ್ತಲೋ ಬಟ್ಟೆ ಮಡಚುತ್ತಲೋ "ಹೂಂ" ಎನ್ನುತ್ತಿದ್ದಳು. ಮೇಷ್ಟರಿಗೆ ಅಷ್ಟು ಸಾಕಾಗಿತ್ತು.

ಪರದೇಶದ ಖಾಸಗಿ ಭಾಷಾ ಶಾಲೆಯ ಕೆಲಸ ಸಿಕ್ಕಿದ್ದೂ ಬಾಯಿಯ ಬಲದಿಂದಲೇ. ಆ ಶಾಲೆಯ ನಿರ್ದೇಶಕಿ ಕಂಪ್ಯೂಟರ್ ಪರದೆಯಲ್ಲಿ ಕಾಣಿಸಿಕೊಂಡು, "ನಿಮ್ಮ ಬಗ್ಗೆ ಸ್ವಲ್ಪ ಹೇಳಿ" ಎಂದರು. ಎರಡನೇ ಪ್ರಶ್ನೆ ಕೇಳುವ ಅವಕಾಶ ಆಕೆಗೆ ಕೊನೆಯವರೆಗೂ ಸಿಗಲಿಲ್ಲ. ಇಂಗ್ಲಿಷ್ ಇಷ್ಟು ನಿರರ್ಗಳವಾಗಿ ಹರಿಯುವುದನ್ನು ಕಂಡು ಬೆರಗಾಗಿ ಆಯ್ಕೆ ಮಾಡಿಬಿಟ್ಟರು. ಮೊದಲ ವರ್ಷ ತಾತ್ಕಾಲಿಕ. ಕೆಲಸ ಮೆಚ್ಚುಗೆಯಾದರೆ ಖಾಯಂ, ಖಾಯಂ ಆದವರಿಗೆ ಎರಡು ಕೋಣೆಯ ಮನೆ, ಸಂಸಾರ ಕರೆಸಿಕೊಳ್ಳಲು ಅನುಮತಿ. ಮೇಷ್ಟರು ಹೈಸ್ಕೂಲಿಗೆ ರಾಜೀನಾಮೆ ಕೊಟ್ಟು, "ಒಂದೇ ವರ್ಷ, ಆಮೇಲೆ ನಿನ್ನನ್ನೂ ಕರೆಸ್ಕೋತೀನಿ" ಎಂದು ಹೆಂಡತಿಗೆ ಹೇಳಿ ವಿಮಾನ ಹತ್ತಿದರು. ಹೆಂಡತಿ ಹೂಂ ಎಂದಿದ್ದಳು.

ಶಾಲೆ ಇದ್ದದ್ದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಹೊಸ ಚರ್ಮದ ವಾಸನೆ, ಹತ್ತಿದ ಮೇಲೆ ಕಾಫಿ ಯಂತ್ರದ ಬುಸ್ಸೆನ್ನುವ ಸದ್ದು. ಕ್ಲಾಸುಗಳಿಗೆ ಗಾಜಿನ ಗೋಡೆ, ಒಳಗೆ ನಡೆಯುವುದೆಲ್ಲ ಓಡಾಡುವವರಿಗೆ ಕಾಣಬೇಕು. ಮೇಷ್ಟರು ಮೊದಲ ದಿನ ಒಳಗೆ ಹೋಗಿ ನಿಂತವರೇ ಕಣ್ಣು ಕಣ್ಣು ಬಿಟ್ಟರು. ಹತ್ತಿ ನಿಲ್ಲಲು ವೇದಿಕೆಯಿಲ್ಲ. ಬೋರ್ಡು ಊಟದ ತಟ್ಟೆಗಿಂತ ತುಸು ದೊಡ್ಡದು. ಕುರ್ಚಿಗಳನ್ನು ಅರ್ಧ ಚಂದ್ರಾಕಾರವಾಗಿ ಇಟ್ಟು, ಅದರಲ್ಲೇ ಒಂದು ಕುರ್ಚಿ ಮೇಷ್ಟರಿಗೆ ಎಂದಿದ್ದರು. ವಿದ್ಯಾರ್ಥಿಗಳೋ, ಒಬ್ಬೊಬ್ಬರೂ ಸಂಸಾರಸ್ಥರು. ಹಲ್ಲಿನ ಡಾಕ್ಟರೊಬ್ಬರು, ಹೂವಿನಂಗಡಿ ನಡೆಸುವ ಹೆಂಗಸು, ನಿವೃತ್ತನಾದ ರೈಲು ಡ್ರೈವರು, ಇನ್ನೂ ಇಬ್ಬರು ಮೂವರು. ಎಲ್ಲರಿಗೂ ಇಂಗ್ಲಿಷ್ ಓದಲು ಬರೆಯಲು ಬರುತ್ತಿತ್ತು, ಬಾಯಿ ಬರುತ್ತಿರಲಿಲ್ಲ. ಅದನ್ನು ಬರಿಸುವುದೇ ಮೇಷ್ಟರ ಕೆಲಸ.

ಮೇಷ್ಟರು ಬರಿಸಿದರು, ತಮ್ಮದನ್ನು. ಹೂವಿನಂಗಡಿಯಾಕೆ "ಇವತ್ತು ಗಾಳಿ ಜಾಸ್ತಿ" ಎಂದು ತೊದಲಿದ್ದೇ ತಡ, ಗಾಳಿ ಏಕೆ ಬೀಸುತ್ತದೆ, ಸಮುದ್ರದ ಕಡೆಯಿಂದ ಯಾವಾಗ, ನೆಲದ ಕಡೆಯಿಂದ ಯಾವಾಗ ಎಂದು ಪಾಠ ಹೊರಟಿತು. ಡಾಕ್ಟರು ಭಾನುವಾರ ಮೀನು ಹಿಡಿಯಲು ಹೋಗಿದ್ದೆ ಎಂದರೆ ಮೀನಿನ ಉಸಿರಾಟ. ವಿದ್ಯಾರ್ಥಿಗಳು ವಿನಯವಂತರು, ತಲೆಯಾಡಿಸುತ್ತ ಬರೆದುಕೊಂಡರು. ಮೇಷ್ಟರು ಉಬ್ಬಿಹೋದರು. ಇಂಥ ಕ್ಲಾಸು ಜನ್ಮದಲ್ಲಿ ಸಿಕ್ಕಿರಲಿಲ್ಲ, ಒಬ್ಬರಾದರೂ ಗಲಾಟೆ ಮಾಡುವುದಿಲ್ಲವಲ್ಲ ಎಂದುಕೊಂಡರು.

ಭಾನುವಾರ ಮಧ್ಯಾಹ್ನ ಊರಿಗೆ ಫೋನು. ಅದೂ ಪ್ರಸಾರವೇ. ಶಾಲೆಯವರು ಕೊಡುವ ಮನೆಯನ್ನು ಅವರು ಹೊರಗಿನಿಂದ ನೋಡಿಕೊಂಡು ಬಂದಿದ್ದರು. "ಅಡುಗೆಮನೆ ಕಿಟಕಿಗೆ ಬೆಳಗ್ಗೆ ಬಿಸಿಲು ಬರುತ್ತೆ. ಪರದೆ ತಿಳಿ ಹಸಿರು ಹಾಕೋಣ. ನೀನು ಬರುವಾಗ ಸ್ವೆಟರ್ ಎರಡು ತಗೊಂಡ್ರೆ ಸಾಕು, ಮಿಕ್ಕಿದ್ದು ಇಲ್ಲೇ ಸಿಗುತ್ತೆ" ಎಂದು ಒಂದೇ ಉಸಿರಿಗೆ ಹೇಳುವರು. ಆ ಕಡೆಯಿಂದ ಹೂಂ. ಒಮ್ಮೆ ಆಕೆ, "ರೀ, ನಾನೊಂದು ವಿಷಯ..." ಎಂದು ಶುರುಮಾಡಿದಳು. "ಕುಕ್ಕರ್ ವಿಷಯ ತಾನೇ? ತರಬೇಡ, ಇಲ್ಲಿ ಕರೆಂಟ್ ಒಲೆ" ಎಂದು ಮೇಷ್ಟರು ಬಗೆಹರಿಸಿಬಿಟ್ಟರು.

ಹೆಂಡತಿಯ ತಮ್ಮ ಊರಲ್ಲೇ ಇದ್ದ, ಆಗಾಗ ಫೋನಿಗೆ ಸಿಗುತ್ತಿದ್ದ. "ನಿಮ್ಮಕ್ಕ ಇಲ್ಲಿಗೆ ಬರೋಕೆ ತುದಿಗಾಲಲ್ಲಿ ನಿಂತಿದಾಳೆ ಕಣೋ" ಎಂದರು ಮೇಷ್ಟರು.

"ಅಕ್ಕಾನಾ? ಅವಳೇ ಹಂಗಂದ್ಲಾ ಭಾವ?"

"ಅನ್ನೋದೇನು, ಹೂಂ ಅಂದ್ಲಲ್ಲ."

ಭಾವಮೈದ ಕೆಮ್ಮಿದ. "ಯಾವುದಕ್ಕೂ ಒಂದ್ಸಲ ಅಕ್ಕನ್ನೇ ಸರಿಯಾಗಿ ಕೇಳಿ ಭಾವ" ಎಂದ. ಕೇಳುವುದಕ್ಕೆ ಏನಿದೆ ಎಂದು ಮೇಷ್ಟರಿಗೆ ಹೊಳೆಯಲಿಲ್ಲ.

ವರ್ಷ ಅರ್ಧ ಸರಿದಾಗ ರೈಲು ಡ್ರೈವರು ನಿರ್ದೇಶಕಿಯ ಕೋಣೆಗೆ ಹೋಗಿ ಕ್ಲಾಸು ಬದಲಿಸಿಕೊಡಿ ಎಂದು ಕೇಳಿದ. ಮನುಷ್ಯ ಸಜ್ಜನ, ದೂರೇನೂ ಹೇಳಲಿಲ್ಲ. "ಗಾಳಿ, ಮೀನು, ಉಪ್ಪು, ಎಲ್ಲದರ ಬಗ್ಗೆಯೂ ತುಂಬ ತಿಳಿದುಕೊಂಡೆ. ಸ್ವಲ್ಪ ಮಾತಾಡುವುದನ್ನೂ ಕಲಿಯೋಣ ಅಂತ" ಎಂದನಂತೆ. ನಿರ್ದೇಶಕಿ ಎರಡು ದಿನ ಗಾಜಿನ ಹೊರಗೆ ನಿಂತು ನೋಡಿದರು. ಮೂರನೆಯ ದಿನ ಮೇಷ್ಟರನ್ನು ಕರೆದು, ಸುತ್ತಿ ಬಳಸದೆ ಹೇಳಿದರು.

"ಇಲ್ಲಿ ಅವರು ಮಾತಾಡಬೇಕು, ನೀವು ಕೇಳಬೇಕು. ಕ್ಲಾಸಿನಲ್ಲಿ ನಿಮ್ಮ ಪಾಲು ಕಾಲುಭಾಗ ಅಷ್ಟೆ. ಹೀಗೇ ಮುಂದುವರಿದರೆ ವರ್ಷದ ಕೊನೆಗೆ ನಿಮ್ಮನ್ನು ಖಾಯಂ ಮಾಡೋದು ನನ್ನ ಕೈಲಿ ಆಗಲ್ಲ."

ಮೇಷ್ಟರು ತಮ್ಮಲ್ಲೇ ಲೆಕ್ಕ ಹಾಕಿದರು. ಹೈಸ್ಕೂಲಿನ ಕೆಲಸ ಬಿಟ್ಟು ಬಂದಾಗಿದೆ. ತಿಳಿ ಹಸಿರು ಪರದೆ ಕಣ್ಣ ಮುಂದೆ ಬಂತು. ಅದಕ್ಕಿಂತ ಮುಖ್ಯವಾಗಿ, ಒಂದು ಮಂಚ, ಒಂದು ಕುರ್ಚಿ, ಒಂದು ಲೋಟ ಇರುವ ಆ ಬಾಡಿಗೆ ಕೋಣೆಯಲ್ಲಿ ಇನ್ನೊಂದು ವರ್ಷ ಒಬ್ಬರೇ ಇರಬೇಕಾದೀತೇ ಎಂದು ಭಯವಾಯಿತು. ಆ ಕೋಣೆಯಲ್ಲಿ ಅವರಿಗೆ ಹೂಂ ಎನ್ನುವವರು ಯಾರೂ ಇರಲಿಲ್ಲ.

ನಿರ್ದೇಶಕಿ ಮೇಜಿನ ಖಾನೆಯಿಂದ ಒಂದು ಗಡಿಯಾರ ತೆಗೆದರು. ಚದುರಂಗ ಆಡುವವರು ಇಟ್ಟುಕೊಳ್ಳುವ ಜೋಡಿ ಗಡಿಯಾರ, ಒಂದೇ ಪೆಟ್ಟಿಗೆಯಲ್ಲಿ ಎರಡು ಮುಖ, ಮೇಲೆ ಎರಡು ಗುಂಡಿ. ಒಂದು ಮುಖ ಮೇಷ್ಟರದು, ಇನ್ನೊಂದು ವಿದ್ಯಾರ್ಥಿಗಳದು. ಯಾರು ಮಾತಾಡುತ್ತಾರೋ ಅವರ ಮುಖ ಓಡಬೇಕು. ಗುಂಡಿ ಒತ್ತುವ ಅಧಿಕಾರ ಹಲ್ಲಿನ ಡಾಕ್ಟರಿಗೆ ಬಂತು. ಆತ ಮೇಷ್ಟರು ಬಾಯಿ ತೆರೆಯುವುದನ್ನೇ ಕಾಯುತ್ತ, ತೆರೆದ ಕೂಡಲೇ ಟಕ್ ಎಂದು ಒತ್ತುತ್ತಿದ್ದ. ಬಾಯಿ ತೆರೆಸಿ ನೋಡುವುದು ಅವನ ಕಸುಬು ತಾನೇ. ಮೊದಲ ದಿನ ಮೇಷ್ಟರ ಪಾಲು "ಎಲ್ಲರಿಗೂ ಸ್ವಾಗತ" ಎಂದು ಶುರುಮಾಡಿ ಗಡಿಯಾರದ ಇತಿಹಾಸ ಹೇಳುವಷ್ಟರಲ್ಲಿ ಮುಗಿದುಹೋಯಿತು. ಉಳಿದ ಹೊತ್ತೆಲ್ಲ ಅವರು ಬಾಯಿಗೆ ಬೀಗ ಹಾಕಿಕೊಂಡು, ಬೆವರುತ್ತ ಕೂತರು. ಗಾಜಿನಾಚೆ ಕಾಫಿ ಹಿಡಿದು ಹೋಗುತ್ತಿದ್ದವರು ನಿಂತು ನೋಡಿದರು.

ಆ ದಿನಗಳಲ್ಲಿ ಮೇಷ್ಟರು ಪಟ್ಟ ಪಾಡು ಯಾರಿಗೂ ಬೇಡ. ಬಾಯಲ್ಲಿ ಪೆಪ್ಪರಮಿಂಟು ಇಟ್ಟುಕೊಂಡು ನೋಡಿದರು. ಅದನ್ನು ಕಡಿದು ನುಂಗಿ ಮಾತಾಡಿದರು. ನೀರು ಕುಡಿಯುತ್ತ ಕೂತರು. ಮೂರು ಸಲ ಹೊರಗೆ ಎದ್ದು ಹೋಗಬೇಕಾಯಿತು. ಕೊನೆಗೆ ನಿರ್ದೇಶಕಿಯೇ ದಾರಿ ಹೇಳಿಕೊಟ್ಟರು. "ಚಿಕ್ಕ ಪ್ರಶ್ನೆ ಕೇಳಿ ಸುಮ್ಮನಾಗಿ. ಅವರು ಮೊದಲು ಹೇಳೋದು ಪುಸ್ತಕದ ಉತ್ತರ. ಆಗ ಬಾಯಿ ಹಾಕಬೇಡಿ. ಇನ್ನೂ ಸ್ವಲ್ಪ ಕಾಯಿರಿ" ಎಂದರು.

ಮರುದಿನ ಮೇಷ್ಟರು ರೈಲು ಡ್ರೈವರನ್ನು ಕೇಳಿದರು, "ನೀವು ಇಂಗ್ಲಿಷ್ ಯಾಕೆ ಕಲಿಯುತ್ತಿದ್ದೀರಿ?"

"ಪ್ರಪಂಚ ತಿಳಿಯಲು" ಎಂದ ಆತ, ಪುಸ್ತಕದಲ್ಲಿ ಇದ್ದ ಹಾಗೆಯೇ.

ಮೇಷ್ಟರ ನಾಲಿಗೆಯ ತುದಿಗೆ ಪ್ರಪಂಚವೇ ಬಂದು ನಿಂತಿತ್ತು. ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕಾದರು. ಡಾಕ್ಟರ ಬೆರಳು ಗುಂಡಿಯ ಮೇಲೆ ತುಯ್ದಾಡಿತು. ಡ್ರೈವರು ತನ್ನ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸಿದ, ತಿರುಗಿಸಿದ, ಆಮೇಲೆ ಮೆಲ್ಲಗೆ ಒಂದೊಂದೇ ಪದ ಹುಡುಕುತ್ತ ಹೇಳಿದ: ಇಂಜಿನ್ನಿನಲ್ಲಿ ಇದ್ದಷ್ಟು ವರ್ಷ ಮಾತಾಡಲು ಯಾರೂ ಇರಲಿಲ್ಲ, ಮನೆಗೆ ಬಂದ ಮೇಲೆ ಅಲ್ಲಿ ಎಲ್ಲರೂ ತನ್ನನ್ನು ಬಿಟ್ಟೇ ಮಾತಾಡಿ ಅಭ್ಯಾಸವಾಗಿತ್ತು, ಇಲ್ಲಿಗೆ ಬಂದರೆ ಒಬ್ಬರಾದರೂ ತನ್ನನ್ನು ಏನಾದರೂ ಕೇಳಿಯಾರು ಎಂದೇ ಬಂದದ್ದು. ಹೂವಿನಂಗಡಿಯಾಕೆ ಮೂಗೊರೆಸಿಕೊಂಡಳು. ಅರ್ಧ ವರ್ಷ ಈ ಮನುಷ್ಯನಿಗೆ ಗಾಳಿಯ ಬಗ್ಗೆ ಹೇಳಿದೆನಲ್ಲ ಎಂದು ಮೇಷ್ಟರಿಗೆ ನಾಚಿಕೆಯಾಯಿತು.

ಅಲ್ಲಿಂದ ಮುಂದೆ ಅವರಿಗೆ ರುಚಿ ಹತ್ತಿತು. ಕೇಳುವುದು, ಕಾಯುವುದು. ಸುಮ್ಮನಿರುವುದರಲ್ಲೂ ಅವರು ಅತಿ ಮಾಡುವವರೇ; ಬೇಕರಿಯವಳು ಏನು ಬೇಕೆಂದು ಕೇಳಿದರೂ ಒಂದು ಗಳಿಗೆ ಅವಳ ಮುಖ ನೋಡುತ್ತ ನಿಲ್ಲುವರು. ಊರಿನ ಫೋನಿನಲ್ಲಿ ಮಾತ್ರ ಹಳೆಯ ಪ್ರಸಾರವೇ ನಡೆದಿತ್ತು. ರೈಲು ಡ್ರೈವರು ಮತ್ತೆ ಕ್ಲಾಸು ಬದಲಿಸುವ ಮಾತೆತ್ತಲಿಲ್ಲ. ಬೇರೆ ಕ್ಲಾಸಿನವರು ಇವರ ಕ್ಲಾಸಿಗೆ ಹಾಕಿ ಎಂದು ಕೇಳಿಕೊಂಡು ಬಂದರು. ವರ್ಷದ ಕೊನೆಯ ಶುಕ್ರವಾರ ನಿರ್ದೇಶಕಿ ಕೈಕುಲುಕಿ, "ನೀವು ಖಾಯಂ. ಸೋಮವಾರ ಬಂದು ಸಹಿ ಹಾಕಿ, ಮನೆಯ ಕೀಲಿ ತಗೊಳ್ಳಿ" ಎಂದರು.

ಭಾನುವಾರ ಮೇಷ್ಟರು ಫೋನು ಹಿಡಿದು ಮಂಚದ ಮೇಲೆ ಕೂತರು. ಸುದ್ದಿ ಗಂಟಲಲ್ಲಿ ಕುಣಿಯುತ್ತಿತ್ತು. ಆದರೆ ಕ್ಲಾಸಿನಲ್ಲಿ ನಾಲಿಗೆಗೆ ಬಿದ್ದ ಅಭ್ಯಾಸ ಮೊದಲು ಹೊರಗೆ ಬಂತು.

"ಏನ್ ಮಾಡ್ತಿದ್ದೆ?" ಎಂದರು.

"ಏನಿಲ್ಲ, ಸುಮ್ನೆ ಕೂತಿದ್ದೆ" ಎಂದಳು ಹೆಂಡತಿ.

ಮೇಷ್ಟರು ಕಾದರು.

"ಹಲೋ? ಲೈನ್ ಹೋಯ್ತಾ?"

"ಇಲ್ಲ, ಇದೀನಿ."

"ಮೈಯಲ್ಲಿ ಹುಷಾರಾಗಿದೀರಾ ತಾನೇ?" ಆಕೆಯ ದನಿಯಲ್ಲಿ ಗಾಬರಿ ಇತ್ತು.

"ಹುಷಾರಾಗಿದೀನಿ. ನೀನು ಹೇಳು."

ಆ ಕಡೆ ಕುರ್ಚಿ ಎಳೆದ ಸದ್ದು. ಮೇಷ್ಟರು ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

"ರೀ, ನಾನು ಅಲ್ಲಿಗೆ ಬರಲ್ಲ" ಎಂದಳು ಆಕೆ. "ಬೈಬೇಡಿ. ಎಷ್ಟೋ ಸಲ ಹೇಳೋಕೆ ಹೊರಟೆ, ನೀವು ಪರದೆಗೆ ಹೋದ್ರಿ, ಕುಕ್ಕರಿಗೆ ಹೋದ್ರಿ. ನಾನು ಕೆಲಸಕ್ಕೆ ಹೋಗ್ತಿದೀನಿ. ನಮ್ಮೂರ ಬಸ್ ಸ್ಟ್ಯಾಂಡಲ್ಲಿ ಅನೌನ್ಸ್‌ಮೆಂಟ್ ಮಾಡೋಕೆ ಜನ ಬೇಕಂತ ತಮ್ಮ ಹೇಳ್ದ. ಸುಮ್ನೆ ಹೋಗಿ ಮೈಕಲ್ಲಿ ಓದಿದೆ. ದನಿ ಚೆನ್ನಾಗಿದೆ ಅಮ್ಮ, ನಾಳೆಯಿಂದಾನೇ ಬನ್ನಿ ಅಂದ್ರು. ಈಗ ಊರಿಗೆಲ್ಲ ನನ್ನ ದನಿ ಗೊತ್ತು. ತರಕಾರಿಯವನು ಮುಖ ನೋಡ್ದೆ, ದನಿ ಕೇಳೇ ಗುರುತು ಹಿಡೀತಾನೆ. ಯಾವ ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ನಾನು ಹೇಳಿದ್ರೆ ಜನ ಗಂಟುಮೂಟೆ ಎತ್ಕೊಂಡು ಆ ಕಡೆ ಓಡ್ತಾರೆ ರೀ! ನಾನು ಹೇಳಿದ್ದನ್ನ ಕೇಳ್ತಾರೆ." ಆಕೆ ನಿಲ್ಲಿಸಿ ಉಸಿರೆಳೆದುಕೊಂಡಳು. "ಅದನ್ನ ಬಿಟ್ಟು ನನಗೆ ಬರೋಕಾಗಲ್ಲ."

ಇಷ್ಟು ವರ್ಷಗಳಲ್ಲಿ ಹೆಂಡತಿ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಮೇಷ್ಟರು ಕೇಳಿದ್ದು ಇದೇ ಮೊದಲು. ನಿಜಕ್ಕೂ ಒಳ್ಳೆಯ ದನಿ. ತುಂಬಿದ, ಸ್ಪಷ್ಟವಾದ, ಎಲ್ಲೂ ತಡವರಿಸದ ದನಿ. ಊರಿನ ತರಕಾರಿಯವನಿಗೂ ತಿಳಿದ ಸಂಗತಿ, ಒಂದೇ ಸೂರಿನ ಕೆಳಗೆ ಬಾಳಿದ ತನಗೆ ತಿಳಿದಿರಲಿಲ್ಲವಲ್ಲ ಎಂದು ಅವಮಾನವಾಯಿತು. ಹೆಮ್ಮೆಯೂ ಆಯಿತು. ಎರಡರ ಅಡಿಯಲ್ಲಿ ದುಃಖವೂ ಇತ್ತು, ಏಕೆಂದರೆ ಆಕೆ ಬರುವುದಿಲ್ಲ. ಆಕೆಯನ್ನು ಒಪ್ಪಿಸಲು ಬೇಕಾದ ವಾದಗಳು ಒಂದರ ಹಿಂದೊಂದು ಸಾಲುಗಟ್ಟಿ ನಿಂತವು, ಎಲ್ಲವೂ ಬಲವಾದವೇ. ಅವರು ಒಂದನ್ನೂ ಆಡಲಿಲ್ಲ.

"ಒಳ್ಳೇ ಕೆಲಸ ಮಾಡ್ದೆ ಬಿಡು" ಎಂದರು.

"ನೀವು ಏನೋ ಹೇಳೋಕೆ ಫೋನ್ ಮಾಡಿದ್ರಲ್ಲ, ಏನು?"

"ಏನಿಲ್ಲ. ಎಲ್ಲ ಚೆನ್ನಾಗಿದೆ ಇಲ್ಲಿ."

ಫೋನಿನಲ್ಲಿ ಆಕೆಯ ಉಸಿರು ಕೇಳುತ್ತಿತ್ತು. ಆಕೆಗೆ ಕಾಯುವುದನ್ನು ಯಾವ ಶಾಲೆಯವರೂ ಕಲಿಸಬೇಕಿರಲಿಲ್ಲ.

"ಒಬ್ಬನೇ ಇರೋಕಾಗ್ತಿಲ್ಲ ಕಣೇ" ಎಂದರು ಮೇಷ್ಟರು. ವರ್ಷವಿಡೀ ಫೋನಿನಲ್ಲಿ ಅಷ್ಟೆಲ್ಲ ಮಾತಾಡಿದ್ದರೂ ಇದೊಂದನ್ನು ಹೇಳಿರಲಿಲ್ಲ.

"ಗೊತ್ತು ರೀ" ಎಂದಳು ಆಕೆ, ಮೆತ್ತಗೆ. "ಬನ್ನಿ ಅಂತಾನೂ ಹೇಳಲ್ಲ, ಇರಿ ಅಂತಾನೂ ಹೇಳಲ್ಲ. ಯೋಚನೆ ಮಾಡಿ. ಮುಂದಿನ ವಾರ ನಾನೇ ಫೋನ್ ಮಾಡ್ತೀನಿ, ನನಗೂ ಹೇಳೋದು ತುಂಬ ಇದೆ."

ಸೋಮವಾರ ಮೇಷ್ಟರು ನಿರ್ದೇಶಕಿಯ ಬಳಿ ಹೋಗಿ, ಮನೆಯ ಕೀಲಿ ಸದ್ಯಕ್ಕೆ ಬೇಡ, ಸಹಿಗೂ ಒಂದು ವಾರ ಪುರುಸೊತ್ತು ಕೊಡಿ ಎಂದರು. ಕಾರಣವನ್ನು ಎರಡೇ ಮಾತಿನಲ್ಲಿ ಮುಗಿಸಿದ್ದು ಕಂಡು ಆಕೆಗೇ ಆಶ್ಚರ್ಯವಾಯಿತು. ಆ ವಾರ ಬಹಳ ನಿಧಾನವಾಗಿ ಸರಿಯಿತು. ಭಾನುವಾರ ಮೇಷ್ಟರು ಬೆಳಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಶರಟು ತೊಟ್ಟು, ಕೋಣೆಯ ಒಂದೇ ಕುರ್ಚಿಯಲ್ಲಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅದು ಹೊಡೆದುಕೊಂಡಿತು. ಕಿವಿಗೆ ಹಿಡಿದು, "ಹೇಳು" ಎಂದರು.